ಸೂರ್ಯ ಎಲ್ಲರಿಗೂ ಒಬ್ಬನೇ, ಟೆಲಿಸ್ಕೋಪ್ ಯಾಕೆ ಒಬ್ಬೊಬ್ಬರಿಗೆ ಒಂದೊಂದು?

ಕೇಂದ್ರದ 2026-27ರ ಬಜೆಟ್ ಭಾಷಣದಲ್ಲಿ ಒಂದು ಸಣ್ಣ ವಿಷಯ ಬಂದು ಹೋಯಿತು. ನಾಲ್ಕು ಖಗೋಳ ಸೌಲಭ್ಯಗಳನ್ನು ಹೊಸದಾಗಿ ಕಟ್ಟುತ್ತೇವೆ, ಇಲ್ಲವೇ ಇರುವುದನ್ನು ಮೇಲ್ದರ್ಜೆಗೆ ಏರಿಸುತ್ತೇವೆ ಅನ್ನುವ ಮಾತು. ಅದರಲ್ಲಿ ರಾಷ್ಟ್ರೀಯ ಬೃಹತ್ ಸೌರ ಟೆಲಿಸ್ಕೋಪ್, ಅಂದರೆ ಎನ್‌ಎಲ್‌ಎಸ್‌ಟಿ ಹೆಸರೂ ಇತ್ತು. ಕನ್ನಡಿಯ ಅಗಲ 2 ಮೀಟರ್. ಜಾಗ, ಲಡಾಖ್‌ನ ಪ್ಯಾಂಗಾಂಗ್ ಸರೋವರದ ದಡದಲ್ಲಿರುವ ಮೆರಾಕ್ ಹಳ್ಳಿ. ಯೋಜನೆ ಹಾಕಿದ್ದು ನಮ್ಮ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಐಐಎ.

ಸುದ್ದಿ ಓದಿದವರಿಗೆ ಗೊಂದಲ ಆದರೆ ಆಶ್ಚರ್ಯವಿಲ್ಲ. ಸೂರ್ಯನನ್ನು ನೋಡೋಕೆ ಅಂತಲೇ 2023ರಲ್ಲಿ ಆದಿತ್ಯ-ಎಲ್1 ಕಳಿಸಿದ್ದೇವೆ. ಅಮೆರಿಕದ ಹವಾಯಿಯಲ್ಲಿ ಇದಕ್ಕಿಂತ ಎರಡು ಪಟ್ಟು ಅಗಲದ, 4 ಮೀಟರ್ ಕನ್ನಡಿಯ ಡೇನಿಯಲ್ ಇನೊಯೆ ಸೌರ ಟೆಲಿಸ್ಕೋಪ್ ಆಗಲೇ ಕೆಲಸ ಮಾಡುತ್ತಿದೆ. ಯುರೋಪಿನವರು ಸ್ಪೇನ್‌ನ ಲಾ ಪಾಲ್ಮಾ ದ್ವೀಪದಲ್ಲಿ 4.2 ಮೀಟರ್‌ನದ್ದು ಕಟ್ಟಲು ತಯಾರಿ ನಡೆಸಿದ್ದಾರೆ. ಇಷ್ಟರ ನಡುವೆ ಅಮೆರಿಕ ಸರ್ಕಾರ ತನ್ನದೇ ವಿಜ್ಞಾನ ಅನುದಾನಕ್ಕೆ ಕತ್ತರಿ ಹಾಕಲು ಹೊರಟಿತ್ತು. ಎಲ್ಲರೂ ‘ಅಂತರರಾಷ್ಟ್ರೀಯ ಸಹಕಾರ’ ಅನ್ನುತ್ತಾರೆ, ಕೊನೆಗೆ ಎಲ್ಲರೂ ತಮ್ಮ ತಮ್ಮ ಟೆಲಿಸ್ಕೋಪ್ ಕಟ್ಟುತ್ತಾರೆ. ಹಾಗಾದರೆ ಇದು ಸಹಕಾರವೋ, ಪೈಪೋಟಿಯೋ?

ಎರಡೂ ಇದೆ. ಆದರೆ ಸೌರ ವಿಜ್ಞಾನದಲ್ಲಿ ಸ್ವಂತದ್ದು ಕಟ್ಟುವುದಕ್ಕೂ ಸಹಕಾರಕ್ಕೂ ಜಗಳ ಇಲ್ಲ. ಸ್ವಂತದ್ದು ಇದ್ದವರಿಗೇ ಸಹಕಾರದಲ್ಲಿ ಮಾತಾಡುವ ಜಾಗ ಸಿಗುತ್ತದೆ. ಇದು ಯಾಕೆ ಹೀಗೆ ಅಂತ ತಿಳಿಯಲು ಟೆಲಿಸ್ಕೋಪ್ ಏನು ನೋಡುತ್ತದೆ ಅನ್ನುವಲ್ಲಿಂದಲೇ ಶುರು ಮಾಡಬೇಕು.

ಆದಿತ್ಯ ಇದ್ದ ಮೇಲೂ ನೆಲದ ಮೇಲೆ ಯಾಕೆ?

ಆದಿತ್ಯ-ಎಲ್1 ಇರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ. 2024ರ ಜನವರಿ 6ರಂದು ಅದು ತನ್ನ ಕಕ್ಷೆ ಸೇರಿತು. ಅಲ್ಲಿ ರಾತ್ರಿ ಇಲ್ಲ, ಮೋಡ ಇಲ್ಲ, ಗಾಳಿಯೂ ಇಲ್ಲ. ಅದರ ಮುಖ್ಯ ಉಪಕರಣ ವೆಲ್ಕ್ ತಯಾರಾಗಿದ್ದು ಹೊಸಕೋಟೆಯ ಐಐಎ ಆವರಣದಲ್ಲಿ. ಸೂರ್ಯನ ಬಿಂಬವನ್ನು ಮರೆಮಾಡಿ, ಸುತ್ತಲಿನ ಮಂಕು ಹೊರಪದರವಾದ ಕರೋನಾವನ್ನು ನೋಡುವುದು ಅದರ ಕೆಲಸ. ಪುಣೆಯ ಐಯುಕಾ ಮಾಡಿಕೊಟ್ಟ ಸೂಟ್ ಅನ್ನುವ ಉಪಕರಣ ಅತಿನೇರಳೆ ಬೆಳಕಿನಲ್ಲಿ ಇಡೀ ಸೂರ್ಯನ ಚಿತ್ರ ತೆಗೆಯುತ್ತದೆ.

ಇಲ್ಲಿ ‘ಇಡೀ ಸೂರ್ಯ’ ಅನ್ನುವುದನ್ನು ಗಮನಿಸಿ. ಸೂಟ್‌ನ ಕಣ್ಣಿಗೆ ಸೂರ್ಯನ ಮೇಲೆ ಸುಮಾರು 1,000 ಕಿ.ಮೀ.ಗಿಂತ ಚಿಕ್ಕದು ಬಿಡಿಬಿಡಿಯಾಗಿ ಕಾಣುವುದಿಲ್ಲ. ಅದು ಅದರ ದೋಷ ಅಲ್ಲ, ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಆದರೆ ಸೌರ ಬಿರುಗಾಳಿಗೆ, ಅಂದರೆ ಸೂರ್ಯ ಸಿಡಿದು ಭೂಮಿಯವರೆಗೂ ತಟ್ಟುವ ಹೊಡೆತಕ್ಕೆ, ಬೀಜ ಬೀಳುವುದು ಅದಕ್ಕಿಂತ ತುಂಬ ಚಿಕ್ಕ ಜಾಗದಲ್ಲಿ. ಸೂರ್ಯನ ಮೇಲ್ಮೈಯಲ್ಲಿ ಕಾಂತಕ್ಷೇತ್ರದ ಎಳೆಗಳು ಒತ್ತೊತ್ತಾಗಿ ಕಟ್ಟುಗಳಾಗಿ ನಿಂತಿರುತ್ತವೆ. ಅವುಗಳ ಅಗಲ ನೂರಿನ್ನೂರು ಕಿ.ಮೀ., ಇನ್ನೂ ಕೆಲವು ಅದಕ್ಕಿಂತ ಸಣ್ಣ. ಅವು ಹೆಣೆದುಕೊಂಡು, ತಿರುಚಿಕೊಂಡು, ಕೊನೆಗೆ ಕಿತ್ತು ಮತ್ತೆ ಕೂಡಿಕೊಳ್ಳುವಾಗ ಶಕ್ತಿ ಹೊರಬೀಳುತ್ತದೆ. ಅಷ್ಟು ಸಣ್ಣದ್ದನ್ನು ನೋಡಬೇಕು ಅಂದರೆ ಕನ್ನಡಿ ಅಗಲ ಇರಬೇಕು. ಬೇರೆ ದಾರಿ ಇಲ್ಲ, ಅದು ಬೆಳಕಿನ ನಿಯಮ.

ಲೆಕ್ಕ ಸುಲಭ. ಖಗೋಳದವರು ಕೋನವನ್ನು ಆರ್ಕ್ ಸೆಕೆಂಡ್‌ನಲ್ಲಿ ಅಳೆಯುತ್ತಾರೆ, ಅಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ. ಭೂಮಿಯಿಂದ ನೋಡಿದರೆ ಸೂರ್ಯನ ಮೇಲೆ ಒಂದು ಆರ್ಕ್ ಸೆಕೆಂಡ್ ಅಂದರೆ ಸುಮಾರು 725 ಕಿ.ಮೀ. ಹಸಿರು ಬೆಳಕಿನಲ್ಲಿ 2 ಮೀಟರ್ ಕನ್ನಡಿ ಬಿಡಿಸಿ ತೋರಿಸಬಲ್ಲದ್ದು 0.06 ಆರ್ಕ್ ಸೆಕೆಂಡ್, ಅಂದರೆ ಸೂರ್ಯನ ಮೇಲೆ ಸುಮಾರು 45 ಕಿ.ಮೀ. 4 ಮೀಟರ್ ಕನ್ನಡಿಗೆ ಅದರ ಅರ್ಧ, 20ರಿಂದ 25 ಕಿ.ಮೀ. 2 ಮೀಟರ್ ಕನ್ನಡಿಯ ನೋಟ ಎಷ್ಟು ಸೂಕ್ಷ್ಮ ಅಂತ ಅಂದಾಜು ಬೇಕಾದರೆ, ಒಂದು ಎರಡು ರೂಪಾಯಿ ನಾಣ್ಯವನ್ನು 80 ಕಿ.ಮೀ. ಆಚೆ ಇಟ್ಟು ಅದರ ಅಗಲವನ್ನು ಗುರುತಿಸಿದ ಹಾಗೆ.

2 ಮೀಟರ್ ಕನ್ನಡಿಯನ್ನು, ಅದರ ಹಿಂದಿನ ಟನ್‌ಗಟ್ಟಲೆ ಉಪಕರಣಗಳ ಸಮೇತ, ರಾಕೆಟ್ಟಿನಲ್ಲಿ ಇಡುವುದು ಸಾಧ್ಯವಿಲ್ಲ ಅಂತಲ್ಲ. ಆದರೆ ಖರ್ಚು ತಡೆಯಲ್ಲ. ಕಳಿಸಿದ ಮೇಲೆ ಕೆಟ್ಟರೆ ರಿಪೇರಿ ಇಲ್ಲ, ಹೊಸ ಕ್ಯಾಮೆರಾ ಬಂದರೆ ಬದಲಾಯಿಸುವ ಹಾಗಿಲ್ಲ. ಹೀಗಾಗಿ ಬಾಹ್ಯಾಕಾಶದ್ದು ಕಾವಲಿಗೆ, ನೆಲದ ಮೇಲಿನದ್ದು ಸೂಕ್ಷ್ಮ ನೋಟಕ್ಕೆ. ಒಂದು ಇನ್ನೊಂದಕ್ಕೆ ಬದಲಿ ಅಲ್ಲ.

ಸೂರ್ಯನಲ್ಲೂ ಬೆಳಕಿಗೆ ಬರ

ಸೂರ್ಯನಷ್ಟು ಬೆಳಕು ಇನ್ಯಾವುದಕ್ಕೂ ಇಲ್ಲ, ಅಷ್ಟು ದೊಡ್ಡ ಕನ್ನಡಿ ಯಾಕೆ ಬೇಕು ಅಂತ ಕೇಳುವವರು ಇದ್ದಾರೆ. ಒಳ್ಳೆ ಪ್ರಶ್ನೆ. ಉತ್ತರ ಸ್ವಲ್ಪ ತಿರುವುಮುರುವು ಅನ್ನಿಸಬಹುದು: ಸೌರ ವಿಜ್ಞಾನಿಗಳಿಗೆ ಯಾವತ್ತೂ ಬೆಳಕು ಸಾಲುವುದಿಲ್ಲ.

ಮೇಲ್ಮೈಯ ಕಾಂತಕ್ಷೇತ್ರವನ್ನು ಫೋಟೋದಲ್ಲಿ ನೇರವಾಗಿ ನೋಡಲಾಗದು. ಬೆಳಕನ್ನು ಬಣ್ಣಗಳಾಗಿ ಒಡೆದು, ಅದರಲ್ಲಿ ಒಂದು ತೆಳ್ಳನೆಯ ಕಪ್ಪು ಗೆರೆಯನ್ನು ಹಿಡಿದು, ಆ ಗೆರೆ ಎಷ್ಟು ಸೀಳಿದೆ, ಅದರ ಧ್ರುವೀಕರಣ (ಬೆಳಕಿನ ಅಲೆ ಒಂದೇ ದಿಕ್ಕಿನಲ್ಲಿ ಕಂಪಿಸುವುದು) ಎಷ್ಟು ಅಂತ ಅಳೆಯಬೇಕು. 1908ರಲ್ಲಿ ಅಮೆರಿಕದ ಜಾರ್ಜ್ ಎಲರಿ ಹೇಲ್ ಇದೇ ದಾರಿಯಲ್ಲಿ ಸೌರ ಕಲೆಗಳಲ್ಲಿ, ಅಂದರೆ ಸೂರ್ಯನ ಮೇಲಿನ ಕಪ್ಪು ಮಚ್ಚೆಗಳಲ್ಲಿ, ಕಾಂತಕ್ಷೇತ್ರ ಇದೆ ಅಂತ ತೋರಿಸಿದ್ದು. ಈಗ ಬೇಕಾಗಿರುವುದು ಅದಕ್ಕಿಂತ ತುಂಬ ಸೂಕ್ಷ್ಮದ ಅಳತೆ. ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಗುರುತಿಸಬೇಕಾದರೆ ಆ ಒಂದೇ ಚುಕ್ಕಿಯಿಂದ, ಆ ಒಂದೇ ಬಣ್ಣದಲ್ಲಿ ಕನಿಷ್ಠ 10 ಲಕ್ಷ ಫೋಟಾನ್, ಅಂದರೆ ಬೆಳಕಿನ ಕಣ, ಕೂಡಿಸಿಕೊಳ್ಳಬೇಕು.

ಹಾಗಾದರೆ ಸ್ವಲ್ಪ ಹೊತ್ತು ಕಾದು ಕೂಡಿಸಿಕೊಂಡರಾಯಿತು, ಅಲ್ವಾ? ಆಗುವುದಿಲ್ಲ, ಸೂರ್ಯ ಸುಮ್ನೆ ಕೂರುವುದಿಲ್ಲ. ಮೇಲ್ಮೈಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 7 ಕಿ.ಮೀ. ಅಂದರೆ 45 ಕಿ.ಮೀ. ಅಗಲದ ರಚನೆ ಆರೇಳು ಸೆಕೆಂಡಿನಲ್ಲೇ ಬೇರೆ ರೂಪ ತಾಳಬಹುದು. 20 ಕಿ.ಮೀ.ದಾದರೆ ಮೂರು ಸೆಕೆಂಡ್. ಅಷ್ಟರೊಳಗೆ ಅಳತೆ ಮುಗಿಯಬೇಕು. ಹೆಚ್ಚು ಹೊತ್ತು ತೆಗೆದುಕೊಂಡರೆ ಚಿತ್ರ ಕಲಸಿಹೋಗುತ್ತದೆ.

ಇನ್ನೂ ಒಂದು ಕೊಕ್ಕೆ ಇದೆ. ಕನ್ನಡಿ ದೊಡ್ಡದು ಮಾಡಿದರೆ ಬೆಳಕು ಜಾಸ್ತಿ ಬರುತ್ತದೆ, ನಿಜ. ಆದರೆ ನೋಡುವ ಚುಕ್ಕಿಯೂ ಅದೇ ಪ್ರಮಾಣದಲ್ಲಿ ಚಿಕ್ಕದಾಗುತ್ತದೆ. ಹಾಗಾಗಿ ಕನ್ನಡಿಯ ಪೂರ್ಣ ಸಾಮರ್ಥ್ಯಕ್ಕೆ ನೋಡಿದರೆ, ಒಂದು ಚುಕ್ಕಿಗೆ ಸಿಗುವ ಬೆಳಕು 1 ಮೀಟರ್‌ನಲ್ಲೂ 4 ಮೀಟರ್‌ನಲ್ಲೂ ಹೆಚ್ಚುಕಡಿಮೆ ಒಂದೇ. ಕೊಟ್ಟಿರುವ ಸಮಯ ಮಾತ್ರ ಇನ್ನೂ ಕಡಿಮೆ. ಇದಕ್ಕಾಗಿ ವಿಜ್ಞಾನಿಗಳು ಚೌಕಾಸಿ ಮಾಡುತ್ತಾರೆ. ಇವತ್ತು ಸೂಕ್ಷ್ಮತೆ ಸ್ವಲ್ಪ ಬಿಟ್ಟುಕೊಟ್ಟು ಕಾಂತಕ್ಷೇತ್ರದ ನಿಖರತೆ ತಗೊಳ್ಳೋಣ, ನಾಳೆ ನಿಖರತೆ ಬಿಟ್ಟು ವೇಗ ತಗೊಳ್ಳೋಣ ಅಂತ. ದೊಡ್ಡ ಕನ್ನಡಿ ಇದ್ದರೆ ಈ ಚೌಕಾಸಿಗೆ ಜಾಗ ಜಾಸ್ತಿ.

ಈ ಚೌಕಾಸಿಯೇ ನಮ್ಮ ಮುಖ್ಯ ಪ್ರಶ್ನೆಗೆ ದಾರಿ. ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಳ್ಳಬೇಕು ಅಂತ ಮೊದಲೇ ತೀರ್ಮಾನಿಸುವುದು ಟೆಲಿಸ್ಕೋಪ್ ನಡೆಸುವವರು, ಉಪಕರಣ ಮಾಡಿದವರು. ಆಮೇಲೆ ಡೇಟಾ ಇಳಿಸಿಕೊಳ್ಳುವವರಿಗೆ ಆ ಆಯ್ಕೆ ಇರುವುದಿಲ್ಲ.

ಬಿಸಿ, ಗಾಳಿ ಮತ್ತು ನೀರಿನ ದಡ

ರಾತ್ರಿಯ ಟೆಲಿಸ್ಕೋಪ್ ಕಟ್ಟುವವರಿಗೆ ಇಲ್ಲದ ತಲೆನೋವು ಹಗಲಿನವರಿಗೆ ಇದೆ. ಹವಾಯಿಯ 4 ಮೀಟರ್ ಕನ್ನಡಿ ಒಂದು ಕಡೆ ಕೂಡಿಸುವ ಬಿಸಿಲು ಸುಮಾರು 13 ಕಿಲೋವಾಟ್. ಅದನ್ನು ಹಾಗೇ ಬಿಟ್ಟರೆ ಒಳಗಿನ ಉಪಕರಣ ಕರಗಿಹೋಗುತ್ತದೆ. ಅದಕ್ಕೆ ಮಧ್ಯದಲ್ಲಿ ಒಂದು ಲೋಹದ ತಡೆ ಇಟ್ಟು, ಬೇಕಾದಷ್ಟು ಬೆಳಕನ್ನು ಮಾತ್ರ ಸಣ್ಣ ತೂತಿನಿಂದ ಒಳಬಿಟ್ಟು, ಉಳಿದದ್ದನ್ನು ಆಚೆ ತಳ್ಳುತ್ತಾರೆ. ಕಟ್ಟಡದ ತುಂಬ 11 ಕಿ.ಮೀ.ಗಿಂತ ಉದ್ದದ ಪೈಪ್‌ನಲ್ಲಿ ತಣ್ಣನೆ ದ್ರವ ಓಡುತ್ತದೆ. ರಾತ್ರಿಯೆಲ್ಲ ಅಲ್ಲೇ ಐಸ್ ಮಾಡಿಟ್ಟುಕೊಂಡು ಹಗಲಿಗೆ ಬಳಸುತ್ತಾರೆ. 2 ಮೀಟರ್ ಕನ್ನಡಿಗೆ ಈ ಬಿಸಿ ಅದರ ಕಾಲುಭಾಗ, ಮೂರು ಕಿಲೋವಾಟ್ ಆಸುಪಾಸು. ಅದೂ ಕಡಿಮೆ ಏನಲ್ಲ.

ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿ ಇನ್ನೊಂದು ಸಮಸ್ಯೆ. ಮಧ್ಯಾಹ್ನ ಟಾರು ರಸ್ತೆಯ ಮೇಲೆ ದೂರದ್ದೆಲ್ಲ ನಡುಗುವುದನ್ನು ಯಾರು ನೋಡಿಲ್ಲ? ನೀರು ನೆಲದಷ್ಟು ಬೇಗ ಕಾಯುವುದಿಲ್ಲ. ಅದಕ್ಕೇ ಸೌರ ವೀಕ್ಷಣಾಲಯಗಳು ನೀರಿನ ಪಕ್ಕ ಹೋಗಿ ಕೂರುತ್ತವೆ. ನಮ್ಮ ಉದಯಪುರದ್ದು ಫತೇಹ್ ಸಾಗರ್ ಕೆರೆಯ ನಡುವಿನ ದ್ವೀಪದಲ್ಲಿದೆ. ಕ್ಯಾಲಿಫೋರ್ನಿಯಾದ ಬಿಗ್ ಬೇರ್, ಚೀನಾದ ಫುಷಿಯಾನ್, ಎರಡೂ ಸರೋವರದ ಪಕ್ಕವೇ. ಪ್ಯಾಂಗಾಂಗ್ ಆರಿಸಿದ್ದಕ್ಕೂ ಇದೇ ಕಾರಣ. ಅದರ ಜೊತೆಗೆ 4,200 ಮೀಟರ್‌ಗಿಂತ ಎತ್ತರ, ಒಣಗಾಳಿ, ಮೋಡ ಕಡಿಮೆ.

ಆಮೇಲೂ ಉಳಿಯುವ ನಡುಕವನ್ನು ಸರಿಪಡಿಸಲು, ಕ್ಷಣಕ್ಷಣಕ್ಕೂ ತನ್ನ ಆಕಾರ ಬದಲಿಸಿಕೊಳ್ಳುವ ಕನ್ನಡಿ ಬೇಕು. ಹವಾಯಿಯದ್ದರಲ್ಲಿ ಇಂಥ ಕನ್ನಡಿಯ ಹಿಂದೆ 1,600 ಸಣ್ಣ ತಳ್ಳುಕೋಲುಗಳಿವೆ. ಈ ವಿದ್ಯೆ ಜಗತ್ತಿನಲ್ಲಿ ಕೆಲವೇ ಗುಂಪುಗಳ ಕೈಯಲ್ಲಿದೆ. ಎನ್‌ಎಲ್‌ಎಸ್‌ಟಿಯ ವಿನ್ಯಾಸದ ಪ್ರಬಂಧ 2010ರಲ್ಲಿ ಪ್ರಕಟವಾದಾಗ ಅದರಲ್ಲಿ ಐಐಎ ಜೊತೆ ಜರ್ಮನಿಯ ಫ್ರೈಬರ್ಗ್‌ನ ಸೌರ ಸಂಸ್ಥೆಯವರ ಹೆಸರೂ ಇದ್ದದ್ದು ಅದಕ್ಕೇ. ‘ರಾಷ್ಟ್ರೀಯ’ ಅನ್ನುವ ಹೆಸರಿನ ಯೋಜನೆಯೂ ಹುಟ್ಟುವಾಗಲೇ ಇನ್ನೊಬ್ಬರ ಕೈ ಹಿಡಿದಿತ್ತು.

ಸೂರ್ಯ ಮುಳುಗುವುದೇ ಸಹಕಾರಕ್ಕೆ ಕಾರಣ

ಹವಾಯಿಯ ಟೆಲಿಸ್ಕೋಪ್ ಎಷ್ಟೇ ದೊಡ್ಡದಿರಲಿ, ಸಂಜೆ ಆದರೆ ಅದು ಕುರುಡು. ಸೌರ ಕಲೆಯೊಂದು ಬೆಳೆದು, ತಿರುಚಿಕೊಂಡು, ಸಿಡಿಯಲು ಒಂದೆರಡು ದಿನ ತೆಗೆದುಕೊಳ್ಳಬಹುದು. ಸಿಡಿಯುವುದು ಮಾತ್ರ ಕೆಲವೇ ನಿಮಿಷದ ಮಾತು. ಆ ನಿಮಿಷಗಳಲ್ಲಿ ಹವಾಯಿಯಲ್ಲಿ ರಾತ್ರಿಯಾಗಿದ್ದರೆ ಅಷ್ಟೂ ಹೋಯಿತು.

ಭೂಪಟದಲ್ಲಿ ರೇಖಾಂಶ ನೋಡಿ. ಹವಾಯಿ ಪಶ್ಚಿಮಕ್ಕೆ 156 ಡಿಗ್ರಿ. ಲಾ ಪಾಲ್ಮಾ ಪಶ್ಚಿಮಕ್ಕೆ 18. ಲಡಾಖ್ ಪೂರ್ವಕ್ಕೆ 78ರ ಆಚೆ. ಲಡಾಖ್‌ನಲ್ಲಿ ಮಧ್ಯಾಹ್ನವಾಗಿ ಆರೂವರೆ ಗಂಟೆ ಕಳೆದ ಮೇಲೆ ಲಾ ಪಾಲ್ಮಾದಲ್ಲಿ ಮಧ್ಯಾಹ್ನ. ಅದಾದ ಒಂಬತ್ತು ಗಂಟೆಗೆ ಹವಾಯಿಯಲ್ಲಿ. ಮತ್ತೆ ಎಂಟೂವರೆ ಗಂಟೆಗೆ ಲಡಾಖ್‌ನಲ್ಲಿ. ಮೂರೂ ಕಡೆ ಆಕಾಶ ಶುಭ್ರವಾಗಿದ್ದರೆ ಸೂರ್ಯನ ಒಂದೇ ಕಲೆಯನ್ನು ಹೆಚ್ಚುಕಡಿಮೆ ಬಿಡುವಿಲ್ಲದೆ ಹಿಂಬಾಲಿಸಬಹುದು. ಈಗ ಯುರೋಪಿನಿಂದ ಪೂರ್ವಕ್ಕೆ ಹವಾಯಿಯವರೆಗೆ, 2 ಮೀಟರ್ ಮುಟ್ಟಿದ ಸೌರ ಕಣ್ಣು ಕೆಲಸ ಮಾಡುತ್ತಿಲ್ಲ. ಚೀನಾದಲ್ಲಿ 1.8 ಮೀಟರ್ ಅಗಲದ್ದು ಒಂದಿದೆ, ಇನ್ನೂ ದೊಡ್ಡದಕ್ಕೆ ಅವರು ಕೈಹಾಕಿದ್ದಾರೆ. ಭಾರತದಲ್ಲಿ ಸದ್ಯಕ್ಕೆ ಇರುವ ದೊಡ್ಡದು ಉದಯಪುರದ 50 ಸೆಂ.ಮೀ. ಟೆಲಿಸ್ಕೋಪ್.

ಈ ಸರದಿ ಕಾವಲು ಹೊಸ ಐಡಿಯಾ ಅಲ್ಲ. ಗಾಂಗ್ ಅನ್ನುವ ಜಾಲ 1995ರಿಂದ ನಡೆಯುತ್ತಿದೆ. ಕ್ಯಾಲಿಫೋರ್ನಿಯಾ, ಹವಾಯಿ, ಆಸ್ಟ್ರೇಲಿಯಾ, ಕ್ಯಾನರಿ ದ್ವೀಪ, ಚಿಲಿ ಮತ್ತು ನಮ್ಮ ಉದಯಪುರ, ಆರು ಕಡೆ ಒಂದೇ ಥರದ ಸಣ್ಣ ಉಪಕರಣ. 2022ರ ನವೆಂಬರ್‌ನಲ್ಲಿ ಮೌನಾ ಲೋವಾ ಜ್ವಾಲಾಮುಖಿ ಸಿಡಿದು ಹವಾಯಿಯ ಕೇಂದ್ರಕ್ಕೆ ರಸ್ತೆಯೂ ಕರೆಂಟೂ ಹೋದಾಗ ಜಾಲ ನಿಲ್ಲಲಿಲ್ಲ. ಉಳಿದ ಐದು ನಡೆಸಿಕೊಂಡು ಹೋದವು. ಎನ್‌ಎಲ್‌ಎಸ್‌ಟಿ ಪರ ಮಾತಾಡುವವರ ಅತ್ಯಂತ ಗಟ್ಟಿ ವಾದ ಇದು. ನನಗೂ ಅತಿ ಹೆಚ್ಚು ಒಪ್ಪಿಗೆಯಾಗುವುದು ಇದೇ. ಜಗತ್ತಿನಲ್ಲೇ ದೊಡ್ಡದು ಕಟ್ಟುತ್ತೇವೆ ಅನ್ನುವ ಹೆಮ್ಮೆಯ ಮಾತು ಇಲ್ಲಿ ನಡೆಯುವುದೂ ಇಲ್ಲ, ಯಾಕೆಂದರೆ ಇದು ದೊಡ್ಡದಲ್ಲ. ಇದರ ಬೆಲೆ ಇರುವುದು ಅದು ನಿಲ್ಲುವ ಜಾಗದಲ್ಲಿ.

ಕೀಲಿ ಯಾರ ಕೈಲಿ?

ಇನ್ನೊಬ್ಬರ ಟೆಲಿಸ್ಕೋಪ್ ಬಳಸಿಕೊಂಡು ಹೋದರಾಯಿತು ಅನ್ನುವ ವಾದವನ್ನು ತಳ್ಳಿಹಾಕುವ ಮುಂಚೆ ನ್ಯಾಯವಾಗಿ ಕೇಳೋಣ. ಹವಾಯಿಯ ಟೆಲಿಸ್ಕೋಪ್ ಕಟ್ಟಲು ಅಮೆರಿಕಕ್ಕೆ 34 ಕೋಟಿ ಡಾಲರ್‌ಗಿಂತ ಜಾಸ್ತಿ ಆಯಿತು. ಹೊರಗಿನವರೂ ಪ್ರಸ್ತಾವ ಕಳಿಸಬಹುದು, ಡೇಟಾ ಕೊನೆಗೆ ಎಲ್ಲರಿಗೂ ಸಿಗುತ್ತದೆ. ಜರ್ಮನಿ ಅಲ್ಲಿಗೆ ಬೇರೆ ಟೆಲಿಸ್ಕೋಪ್ ತಗೊಂಡು ಹೋಗಲಿಲ್ಲ. ಫ್ರೈಬರ್ಗ್‌ನಲ್ಲಿ ವರ್ಷಗಟ್ಟಲೆ ಕೂತು ವಿಟಿಎಫ್ ಅನ್ನುವ ಉಪಕರಣ ಮಾಡಿ ಅಲ್ಲಿಗೆ ಜೋಡಿಸಿತು. 2025ರಲ್ಲಿ ಅದರ ಮೊದಲ ಚಿತ್ರ ಬಂತು. ಬ್ರಿಟನ್ನಿನವರು ಕ್ಯಾಮೆರಾ ಕೊಟ್ಟರು. ನಾವೂ ಹಾಗೇ ಒಂದು ಉಪಕರಣ ಕೊಟ್ಟು ಪಾಲು ತಗೊಂಡರೆ ಲಡಾಖ್‌ನ ಕೊರೆಯುವ ಚಳಿಯಲ್ಲಿ ರಸ್ತೆ, ಕರೆಂಟು, ಗೋಪುರ ಅಂತ ಒದ್ದಾಡುವುದು ಯಾಕೆ?

ಈ ವಾದಕ್ಕೆ ಕಳೆದ ಎರಡು ವರ್ಷದ ಸುದ್ದಿಗಳೇ ಅರ್ಧ ಉತ್ತರ ಕೊಟ್ಟಿವೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ 2026ರ ಬಜೆಟ್ಟನ್ನು ಸುಮಾರು 900 ಕೋಟಿ ಡಾಲರ್‌ನಿಂದ 390 ಕೋಟಿಗೆ ಇಳಿಸಬೇಕು ಅಂತ ಅಲ್ಲಿನ ಸರ್ಕಾರ ಪ್ರಸ್ತಾಪಿಸಿತ್ತು. ಇನೊಯೆ ಟೆಲಿಸ್ಕೋಪ್ ನಡೆಯುವುದೇ ಈ ಪ್ರತಿಷ್ಠಾನದ ದುಡ್ಡಿನಲ್ಲಿ. ಅಲ್ಲಿನ ಸಂಸತ್ತು ಅಷ್ಟು ಕಡಿತಕ್ಕೆ ಒಪ್ಪಲಿಲ್ಲ, ಬಚಾವಾಯಿತು. ಆದರೆ ಒಂದು ದೇಶದ ಒಂದು ವರ್ಷದ ಬಜೆಟ್ ಜಗಳ ಇಡೀ ಜಗತ್ತಿನ ಸೌರ ವಿಜ್ಞಾನವನ್ನು ಅಲುಗಾಡಿಸಬಲ್ಲದು ಅಂತ ಗೊತ್ತಾಯಿತು.

ಕಡಿತವೇ ಬೇಕಂತಿಲ್ಲ, ಒಂದು ಪೈಪ್ ಒಡೆದರೂ ಸಾಕು. 2024ರ ನವೆಂಬರ್ 26ರಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇಟಾ ಕೇಂದ್ರದಲ್ಲಿ ತಣ್ಣೀರಿನ ಪೈಪ್ ಒಡೆದು ಸರ್ವರ್ ಕೋಣೆಗೆ ನೀರು ನುಗ್ಗಿತು. ನಾಸಾದ ಎಸ್‌ಡಿಒ ಉಪಗ್ರಹದ ಡೇಟಾ ಸಂಸ್ಕರಣೆ ಆಗುತ್ತಿದ್ದದ್ದು ಅಲ್ಲಿ. 2010ರಿಂದ ಜಗತ್ತಿನ ಎಷ್ಟೋ ಸೌರ ವಿಜ್ಞಾನಿಗಳು ಬೆಳಗ್ಗೆ ಎದ್ದರೆ ಮೊದಲು ನೋಡುತ್ತಿದ್ದದ್ದು ಆ ಚಿತ್ರಗಳನ್ನೇ. ಉಪಗ್ರಹ ಮೇಲೆ ಚೆನ್ನಾಗೇ ಇತ್ತು, ಕೆಳಗೆ ಡೇಟಾದ ಹರಿವು ತಿಂಗಳುಗಟ್ಟಲೆ ಏರುಪೇರಾಯಿತು.

ಇನ್ನೊಂದು ಪಾಠ ನಮಗೇ ಹತ್ತಿರದ್ದು. ಹವಾಯಿಯ ಮೌನಾ ಕೀಯಾದಲ್ಲಿ ಕಟ್ಟಬೇಕಿದ್ದ 30 ಮೀಟರ್ ಟೆಲಿಸ್ಕೋಪಿನಲ್ಲಿ ಭಾರತ ಪಾಲುದಾರ. 2014ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ನಮ್ಮ ಪಾಲಿನ ಬಹುಭಾಗ ನಗದಲ್ಲ, ಕೆಲಸ. 80ಕ್ಕೂ ಹೆಚ್ಚು ಕನ್ನಡಿ ತುಂಡುಗಳನ್ನು ಪಾಲಿಶ್ ಮಾಡಿಕೊಡಲು ಹೊಸಕೋಟೆಯಲ್ಲೇ ಒಂದು ಘಟಕ ಕಟ್ಟಿದೆವು. ಆದರೆ ಆ ಬೆಟ್ಟ ಹವಾಯಿಯ ಮೂಲನಿವಾಸಿಗಳಿಗೆ ಪವಿತ್ರ. 2015ರಲ್ಲಿ, ಮತ್ತೆ 2019ರಲ್ಲಿ ಅವರು ದಾರಿಯಲ್ಲೇ ಕೂತು ಕೆಲಸ ನಿಲ್ಲಿಸಿದರು. ಆಮೇಲೆ ಅಮೆರಿಕದ ಪ್ರತಿಷ್ಠಾನವೂ ದುಡ್ಡು ಹಾಕಲು ಹಿಂದೇಟು ಹೊಡೆಯಿತು. 2025ರ ಜುಲೈನಲ್ಲಿ ಸ್ಪೇನ್, ಲಾ ಪಾಲ್ಮಾಕ್ಕೆ ಬನ್ನಿ, 40 ಕೋಟಿ ಯೂರೊ ಕೊಡುತ್ತೇನೆ ಅಂತ ಕರೆಯಿತು. ಹೊಸಕೋಟೆಯ ಘಟಕ ನಮ್ಮದು, ಅಲ್ಲಿ ಕಲಿತ ಕೈಕೆಲಸವೂ ನಮ್ಮದೇ. ಟೆಲಿಸ್ಕೋಪ್ ಯಾವಾಗ, ಎಲ್ಲಿ ಅನ್ನುವುದು ಮಾತ್ರ ನಮ್ಮ ಕೈಲಿಲ್ಲ.

ಇದರಿಂದ ಸಹಕಾರವೇ ಬೇಡ ಅನ್ನುವ ತೀರ್ಮಾನಕ್ಕೆ ಹಾರುವವರೂ ಇದ್ದಾರೆ. ಅದು ತಪ್ಪು. ಆದಿತ್ಯ-ಎಲ್1 ಜೊತೆ ಮಾತಾಡಲು ನಮ್ಮ ಬ್ಯಾಲಾಳು ಕೇಂದ್ರದ ಆಂಟೆನಾ ಇದೆ, ನಿಜ. ಆದರೆ ಭೂಮಿ ತಿರುಗಿ ಬ್ಯಾಲಾಳು ಆಚೆ ಬದಿಗೆ ಹೋದಾಗ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಸಾ ತನ್ನ ಆಂಟೆನಾಗಳನ್ನು ಕೊಟ್ಟಿತು. ಕಕ್ಷೆ ಲೆಕ್ಕ ಹಾಕುವ ನಮ್ಮ ಸಾಫ್ಟ್‌ವೇರ್ ಸರಿ ಇದೆಯಾ ಅಂತ ಪರೀಕ್ಷಿಸಲೂ ನೆರವಾಯಿತು. ಆ ಕಡೆ ಇಸಾದ ಪ್ರೋಬಾ-3 ಉಪಗ್ರಹ ಜೋಡಿಯನ್ನು 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊತ್ತೊಯ್ದದ್ದು ನಮ್ಮ ಪಿಎಸ್‌ಎಲ್‌ವಿ. ಎರಡು ಉಪಗ್ರಹಗಳು 150 ಮೀಟರ್ ಅಂತರದಲ್ಲಿ ಹಾರುತ್ತಾ ಒಂದು ಇನ್ನೊಂದಕ್ಕೆ ಗ್ರಹಣ ಹಿಡಿಸುತ್ತವೆ. ಅವು ನೋಡುವುದೂ ಕರೋನಾವನ್ನೇ, ವೆಲ್ಕ್ ನೋಡುವುದನ್ನೇ. ಕೊಟ್ಟು ತಗೊಳ್ಳಲು ಎರಡೂ ಕಡೆ ಏನಾದರೂ ಇದ್ದದ್ದರಿಂದ ಇದು ನಡೆಯಿತು.

ಲಡಾಖ್‌ನವರ ಮಾತು

ಬೆಂಗಳೂರಿನಲ್ಲಿ ಕೂತು ಈ ಲೆಕ್ಕ ಹಾಕುವಾಗ ಒಂದು ವಿಷಯ ಸಲೀಸಾಗಿ ಮರೆಯುತ್ತದೆ. ಮೆರಾಕ್ ಇರುವುದು ಚಾಂಗ್‌ಥಾಂಗ್ ವನ್ಯಧಾಮದ ಸೀಮೆಯಲ್ಲಿ. ಕಪ್ಪು ಕೊರಳಿನ ಕೊಕ್ಕರೆ ಮರಿ ಮಾಡುವ, ಚಾಂಗ್ಪಾ ಕುರಿಗಾಹಿಗಳು ಪಶ್ಮಿನಾ ಮೇಕೆ ಮೇಯಿಸುವ ಪ್ರದೇಶ ಅದು. ಯೋಜನೆ ಇಷ್ಟು ವರ್ಷ ಕುಂಟಿದ್ದಕ್ಕೆ ವನ್ಯಜೀವಿ ಅನುಮತಿಯೂ ಒಂದು ಕಾರಣ. 2020ರಲ್ಲಿ ಇದೇ ಸರೋವರದ ಎರಡೂ ದಡಗಳಲ್ಲಿ ಭಾರತ ಮತ್ತು ಚೀನಾ ಸೇನೆಗಳು ಎದುರುಬದುರು ನಿಂತಿದ್ದವು. ವಿದೇಶಿ ವಿಜ್ಞಾನಿಗಳು, ವಿದೇಶಿ ಉಪಕರಣಗಳು ಗಡಿಯ ಹತ್ತಿರ ಓಡಾಡಬೇಕಾದ ಯೋಜನೆಗೆ ಇದು ಸಣ್ಣ ಅಡ್ಡಿ ಅಲ್ಲ.

ಹವಾಯಿಯಲ್ಲಿ ಆದದ್ದನ್ನು ನೋಡಿ ನಾವು ಕಲಿಯಬೇಕಾದ್ದು ಇಲ್ಲಿ. ಮೌನಾ ಕೀಯಾ ಮಾತ್ರ ಅಲ್ಲ, ಇನೊಯೆ ಟೆಲಿಸ್ಕೋಪ್ ಇರುವ ಹಲೆಅಕಲಾ ಬೆಟ್ಟದಲ್ಲೂ ಪ್ರತಿಭಟನೆ ಆಗಿತ್ತು. ಊರಿನವರನ್ನು ಕೇಳುವ ಕೆಲಸವನ್ನು ಕೊನೆಗೆ ಇಟ್ಟುಕೊಂಡರೆ ಕೊನೆಯೇ ಬರುವುದಿಲ್ಲ. ಇನ್ನೊಂದು ಕಡೆ, ಸೌರ ಟೆಲಿಸ್ಕೋಪ್ ಕೆಲಸ ಮಾಡುವುದು ಹಗಲಲ್ಲಿ. ಲಡಾಖ್‌ನದೇ ಹಾನ್ಲೆಯಲ್ಲಿ ಐಐಎ ರಾತ್ರಿ ಟೆಲಿಸ್ಕೋಪ್ ಇದೆ, ಅದಕ್ಕೆ ಸುತ್ತಲ ಹಳ್ಳಿಗಳು ರಾತ್ರಿ ದೀಪ ಕಡಿಮೆ ಮಾಡಬೇಕು. ಮೆರಾಕ್‌ನಲ್ಲಿ ಆ ಕಟ್ಟುಪಾಡು ಬೇಕಾಗುವುದಿಲ್ಲ.

ಡೇಟಾ ಬಿಟ್ಟಿ, ಪ್ರಶ್ನೆ ಬಿಟ್ಟಿ ಅಲ್ಲ

ತೆರೆದ ಡೇಟಾದ ಬಗ್ಗೆ ನಮ್ಮಲ್ಲಿ ಸ್ವಲ್ಪ ಅತಿಯಾದ ನಂಬಿಕೆ ಇದೆ. ಡೇಟಾ ತೆರೆದಿರುವುದು ಒಳ್ಳೆಯದೇ. ಆದಿತ್ಯ-ಎಲ್1ರ ಡೇಟಾವನ್ನೂ 2025ರ ಜನವರಿಯಿಂದ ಬ್ಯಾಲಾಳಿನ ಕೇಂದ್ರದ ಮೂಲಕ ಎಲ್ಲರಿಗೂ ಬಿಟ್ಟಿದ್ದಾರೆ. ಆದರೆ ಮೇಲೆ ಹೇಳಿದ ಚೌಕಾಸಿ ನೆನಪಿದೆಯಲ್ಲ? ಯಾವ ಗೆರೆಯಲ್ಲಿ, ಎಷ್ಟು ವೇಗದಲ್ಲಿ, ಯಾವ ಜಾಗ ನೋಡಬೇಕು ಅನ್ನುವುದು ಅಳತೆ ತೆಗೆಯುವ ಮುಂಚಿನ ನಿರ್ಧಾರ. ಇನ್ನೊಬ್ಬರ ಪ್ರಶ್ನೆಗೆ ತೆಗೆದ ಡೇಟಾದಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಕೆಲವೊಮ್ಮೆ ಸಿಗುತ್ತದೆ, ಎಷ್ಟೋ ಸಲ ಸಿಗುವುದಿಲ್ಲ.

ನಮ್ಮದೇ ಇತಿಹಾಸ ಇದಕ್ಕೆ ಸಾಕ್ಷಿ. ಕೊಡೈಕೆನಾಲ್ ವೀಕ್ಷಣಾಲಯ 1899ರಲ್ಲಿ ಶುರುವಾಯಿತು. 1909ರ ಜನವರಿಯಲ್ಲಿ ಅಲ್ಲಿ ಜಾನ್ ಎವರ್‌ಶೆಡ್, ಸೌರ ಕಲೆಗಳ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಅಂತ ಕಂಡುಹಿಡಿದರು. ಇವತ್ತಿಗೂ ಅದಕ್ಕೆ ಎವರ್‌ಶೆಡ್ ಪರಿಣಾಮ ಅಂತಲೇ ಹೆಸರು. ಆ ದಿನಗಳಲ್ಲಿ ಅದು ಆಗಿದ್ದು ಉಪಕರಣ, ಜಾಗ, ಹಟ ಮೂರೂ ಒಂದೇ ಕಡೆ ಇದ್ದದ್ದರಿಂದ. ಆಮೇಲೆ ನೂರು ವರ್ಷಗಳ ಅದೇ ವೀಕ್ಷಣಾಲಯದ ಫೋಟೋ ಪ್ಲೇಟುಗಳನ್ನು ಐಐಎ ಡಿಜಿಟಲ್ ಮಾಡಿ ಜಗತ್ತಿಗೆ ಕೊಟ್ಟಿತು. ಸೌರ ಚಕ್ರದ ಬಗ್ಗೆ, ಅಂದರೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಚಟುವಟಿಕೆ ಏರಿ ಇಳಿಯುವುದರ ಬಗ್ಗೆ, ಕೆಲಸ ಮಾಡುವವರು ಈಗ ಎಲ್ಲಿಂದಲೋ ಅದನ್ನು ಇಳಿಸಿಕೊಳ್ಳುತ್ತಾರೆ. ನಾವು ಕೊಡುವವರೂ ಆಗಿದ್ದೇವೆ, ಬರೀ ತಗೊಳ್ಳುವವರಲ್ಲ.

ನಾಳೆಯ ಬಿರುಗಾಳಿಗೆ ಇದರಿಂದ ಉಪಯೋಗ ಇದೆಯಾ?

ನೇರವಾಗಿ ಇಲ್ಲ. ಈ ಮಾತನ್ನು ಬೆಂಬಲಿಗರು ಸಾಮಾನ್ಯವಾಗಿ ಮೆತ್ತಗೆ ಹೇಳುತ್ತಾರೆ. 2024ರ ಮೇ 10ರ ರಾತ್ರಿ ಬಂದಂಥ ದೊಡ್ಡ ಬಿರುಗಾಳಿಗೆ, ಅಂದರೆ ಹಾನ್ಲೆಯ ಆಕಾಶವನ್ನೂ ಕೆಂಪಾಗಿಸಿದ್ದಕ್ಕೆ, ಮುನ್ಸೂಚನೆ ಕೊಡಲು ಬೇಕಾದದ್ದು ಆದಿತ್ಯದಂಥ ಕಾವಲು ಉಪಗ್ರಹಗಳು. 2025ರ ನವೆಂಬರ್‌ನಲ್ಲಿ, ತೀವ್ರ ಸೌರ ವಿಕಿರಣ ವಿಮಾನದ ಕಂಪ್ಯೂಟರಿನ ಡೇಟಾ ಕೆಡಿಸಬಹುದು ಅಂತ ಏರ್‌ಬಸ್ ಹೇಳಿ, ಜಗತ್ತಿನಾದ್ಯಂತ ಸುಮಾರು 6,000 ಎ320 ವಿಮಾನಗಳ ಸಾಫ್ಟ್‌ವೇರ್ ಸರಿಪಡಿಸಬೇಕಾಯಿತು. ಅಂಥ ದಿನ 2 ಮೀಟರ್ ಟೆಲಿಸ್ಕೋಪ್ ಯಾವ ಸಂದೇಶವನ್ನೂ ಕಳಿಸುವುದಿಲ್ಲ.

ಅದರ ಉಪಯೋಗ ಒಂದು ಹೆಜ್ಜೆ ಹಿಂದೆ ಇದೆ. ಇವತ್ತು ಮುನ್ಸೂಚನೆ ಕೊಡುವವರು ಹೇಳುವುದು, ಈ ಕಲೆ ಸಿಡಿಯುವ ಸಂಭವ ಇಷ್ಟು ಅಂತ. ಯಾವಾಗ, ಎಷ್ಟು ಜೋರಾಗಿ ಅಂತ ಹೇಳಲು ಆಗುತ್ತಿಲ್ಲ, ಯಾಕೆಂದರೆ ಸಿಡಿತವನ್ನು ಶುರು ಮಾಡುವ ಸಣ್ಣ ಕ್ರಿಯೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಮೇಲ್ಮೈ ಸುಮಾರು 5,500 ಡಿಗ್ರಿ ಇದ್ದು, ಅದರ ಮೇಲಿನ ಕರೋನಾ 10 ಲಕ್ಷ ಡಿಗ್ರಿ ದಾಟುವುದು ಹೇಗೆ ಅನ್ನುವುದೂ ಹಾಗೇ ಉಳಿದಿದೆ. ಈ ಎರಡೂ ಗಂಟು ಇರುವುದು ಆ ನೂರು ಕಿ.ಮೀ.ಗಿಂತ ಚಿಕ್ಕ ಜಾಗದಲ್ಲೇ. ಭಾರತಕ್ಕೆ ಇದರಲ್ಲಿ ತನ್ನದೇ ಕಾಳಜಿ ಇದೆ. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುತ್ತದೆ. ಇದರಿಂದ ನಮ್ಮ ತಲೆಯ ಮೇಲಿನ ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ, ತಂಟೆ ಜಾಸ್ತಿ ಮಾಡುವಂಥದ್ದು. ಸೂರ್ಯ ಕೆರಳಿದಾಗ ಜಿಪಿಎಸ್, ಅದರ ಭಾರತೀಯ ರೂಪವಾದ ನಾವಿಕ್ ಸಂಕೇತಗಳು ಇಲ್ಲಿ ಬೇಗ ತಪ್ಪುತ್ತವೆ.

ಮುಂದೆ ಗಮನಿಸಬೇಕಾದ್ದು

ಕಾಲದ ಲೆಕ್ಕ ಈಗ ಮುಖ್ಯ. ಸೂರ್ಯನ 25ನೇ ಚಕ್ರ 2024ರ ಕೊನೆಯ ಹೊತ್ತಿಗೆ ತುದಿ ಮುಟ್ಟಿ ಇಳಿಯುತ್ತಿದೆ. 2030ರ ಆಸುಪಾಸು ಸೂರ್ಯ ಶಾಂತನಾಗಿರುತ್ತಾನೆ, 2030ರ ದಶಕದ ಮಧ್ಯದಲ್ಲಿ ಮುಂದಿನ ತುದಿ. ಇನೊಯೆ ಟೆಲಿಸ್ಕೋಪಿಗೆ 2012ರ ಕೊನೆಯಲ್ಲಿ ಗುದ್ದಲಿ ಪೂಜೆ ಆಯಿತು, ಮೊದಲ ಚಿತ್ರ ತೆಗೆದದ್ದು 2019ರ ಡಿಸೆಂಬರ್‌ನಲ್ಲಿ, ವೈಜ್ಞಾನಿಕ ಕೆಲಸ ಶುರುವಾದದ್ದು 2022ರಲ್ಲಿ. ಹತ್ತು ವರ್ಷ ಹಿಡಿಯಿತು. ಎನ್‌ಎಲ್‌ಎಸ್‌ಟಿ ಅದರ ಅರ್ಧ ಗಾತ್ರದ್ದು, ಸ್ವಲ್ಪ ಬೇಗ ಆಗಬಹುದು. ಆದರೂ ಈ ಎರಡು ಮೂರು ವರ್ಷದೊಳಗೆ ಕೆಲಸ ನೆಲದ ಮೇಲೆ ಕಾಣದಿದ್ದರೆ 26ನೇ ಚಕ್ರದ ಏರುಗತಿ ಕೈತಪ್ಪುತ್ತದೆ. ಆಮೇಲೆ ಇನ್ನೊಂದು ಹನ್ನೊಂದು ವರ್ಷ ಕಾಯಬೇಕು.

ಹಾಗಾಗಿ ಬಜೆಟ್ಟಿನಲ್ಲಿ ಹೆಸರು ಬಂದದ್ದಕ್ಕಿಂತ ಮುಂದಿನ ಸುದ್ದಿಗಳನ್ನು ನೋಡಿ. ದುಡ್ಡು ವರ್ಷವರ್ಷಕ್ಕೆ ಬಿಡುಗಡೆ ಆಗುತ್ತಿದೆಯಾ? ಕನ್ನಡಿಯ ಗಾಜಿಗೆ ಆರ್ಡರ್ ಹೋಯಿತಾ? ಅಂಥ ಗಾಜು ಮಾಡುವವರು ಜಗತ್ತಿನಲ್ಲಿ ಬೆರಳೆಣಿಕೆ, ಹೇಳಿದ ಕೂಡಲೇ ಸಿಗುವ ಸರಕಲ್ಲ. ಚಾಂಗ್‌ಥಾಂಗ್‌ನ ಜನರ ಜೊತೆ ಏನು ಒಪ್ಪಂದ ಆಯಿತು? ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದು: ಹವಾಯಿ, ಲಾ ಪಾಲ್ಮಾ, ಮೆರಾಕ್ ಮೂರರ ವೀಕ್ಷಣಾ ಸಮಯವನ್ನು ಒಟ್ಟಿಗೆ ಹಂಚಿಕೊಳ್ಳುವ ಒಪ್ಪಂದ ಟೆಲಿಸ್ಕೋಪ್ ಕಟ್ಟುವ ಮುಂಚೆಯೇ ಆಗುತ್ತದಾ, ಕಟ್ಟಿದ ಮೇಲಾ? ಮುಂಚೆಯೇ ಆದರೆ ಉಪಕರಣಗಳನ್ನು ಒಂದಕ್ಕೊಂದು ಹೊಂದುವ ಹಾಗೆ, ಅವೇ ಗೆರೆಗಳನ್ನು ಅದೇ ನಿಖರತೆಯಲ್ಲಿ ಅಳೆಯುವ ಹಾಗೆ ಮಾಡಬಹುದು. ತಡವಾದರೆ ಹವಾಯಿ ಬಿಟ್ಟ ಕಡೆಯಿಂದ ಮೆರಾಕ್ ಮುಂದುವರಿಸಿದಾಗ ಎರಡರ ಅಳತೆಗಳು ತಾಳೆ ಆಗದೆ, ಅವನ್ನು ಹೊಂದಿಸುವುದರಲ್ಲೇ ಸಂಶೋಧಕರ ವರ್ಷಗಳು ಹೋಗುತ್ತವೆ.